ಗೋಡೆಗೆ ಮುಖ ಮಾಡಿದ ಅಂಗಿ

ಅಂದು ಬೆಳಿಗ್ಗೆ ಮಮತಾಜ್‌ಬಿ ಹಂಚಿನ ಮೇಲೆ ಜೋಳದ ರೊಟ್ಟಿ ಹಾಕಿ, ಒದ್ದೆ ಅರಿವೆಯಿಂದ ಅದರ ಮೈಗೆ ನೀರು ಸವರುತ್ತಿದ್ದಳು. ಅಷ್ಟರಲ್ಲಿ ಹೊರಗಿನ ಪಡಸಾಲೆಯಿಂದ ಗಂಡ ದಾವಲಸಾಬ ಕೂಗಿದ.

"ಏ, ಆ ರೊಟ್ಟಿ ಬಿಟ್ಟು ಬಾ ಇಲ್ಲಿ. ಸೂಜ್ಯಾಗ ದಾರ ಹೋಗವಲ್ದು. ಟೀಚರ್ ಬಂದು ಬಾಗಿಲದಾಗ ನಿಂತಾರ."

"ನಿಮ್ಮ ಕಣ್ಣಿಗೆ ಕನ್ನಡಕ ತಗೋರಿ ಅಂದ್ರ ಕೇಳಂಗಿಲ್ಲ. ನನ್ನ ಕಣ್ಣೇ ನಿಮಗ ಕನ್ನಡಕ ಆಗೇತಿ," ಎನ್ನುತ್ತ ಅವಳು ಎದ್ದು ಬಂದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ದಾರ ಪೋಣಿಸಿ ಕೊಟ್ಟಳು. ಆಮೇಲೆ ಹೊಲಿಗೆಗೆಂದು ಅಂಗಿಯ ಒಂದು ತೋಳು ಹಿಡಿದುಕೊಂಡಳು, ಆಮೇಲೆ ಇನ್ನೊಂದು. ಒಳಗೆ ರೊಟ್ಟಿ ಹೊತ್ತಿ ಕರ್ರಗಾಯಿತು. ಆ ಸುಟ್ಟ ರೊಟ್ಟಿಯ ವಾಸನೆಯಲ್ಲಿ ನಾನು ಹುಟ್ಟಿದೆ.

ನಾನು ಒಂದು ಆಟದ ಅಂಗಿ. ಜರ್ಸಿ ಎನ್ನುತ್ತಾರೆ. ಮೈ ಹಳದಿ, ತೋಳಿಗೆ ಹಸಿರು ಪಟ್ಟಿ. ಗದಗಿನ ದರ್ಜಿ ದಾವಲಸಾಬನ ಹೊಲಿಗೆ ಯಂತ್ರದ ಕೆಳಗಿನಿಂದ ನನ್ನ ಅಕ್ಕತಂಗಿಯರ ಜೊತೆ ಹೊರಗೆ ಬಂದೆ. ಜಿಲ್ಲೆಯ ಹುಡುಗಿಯರ ಖೋ ಖೋ ತಂಡಕ್ಕಾಗಿ ನಮ್ಮನ್ನು ಹೊಲಿಸಿದ್ದರು. ಎಲ್ಲರ ಬೆನ್ನಿಗೂ ನಂಬರು ಬೀಳಬೇಕಿತ್ತು. ನಂಬರಿನ ಮೇಲೆ ಹೆಸರೂ ಬೇಕೆಂದು ತಂಡದ ಕಟ್ಟಿ ಟೀಚರ್ ಹೇಳಿದರು.

"ಹೆಸರ ಬರದ್ರ ಕಷ್ಟ ಐತ್ರಿ ಟೀಚರ್," ದಾವಲಸಾಬ ಪಟ್ಟಿ ನೋಡಿ ನಕ್ಕ. "ಈ ಟೀಮಿನಾಗ ಮೂರು ಮಂದಿ ಸವಿತಾ ಅದಾರ. ಒಬ್ಬಾಕೀನ ಕರದ್ರ ಮೂರು ಮಂದಿ ಓಡಿ ಬರ್ತಾರ."

"ಹಂಗಾರ ಅಡ್ಡಹೆಸರು ಹಾಕ್ರಿ," ಎಂದರು ಟೀಚರ್.

ಹೀಗೆ ನನ್ನ ಬೆನ್ನ ಮೇಲೆ 'ಅಂಗಡಿ' ಎಂಬ ಮನೆತನದ ಅಡ್ಡಹೆಸರು ಬಿತ್ತು. ಅದರ ಕೆಳಗೆ ರಬ್ಬರಿನ ಅಚ್ಚಿನಲ್ಲಿ ದೊಡ್ಡದಾಗಿ ಏಳು. ಮೂವರು ಸವಿತಾಗಳ ಸಲುವಾಗಿ ಆದ ಈ ಏರ್ಪಾಡು ಮುಂದೆ ನನ್ನ ಬಾಳನ್ನೇ ತಿರುಗಿಸುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ನನ್ನನ್ನು ಮೊದಲು ಮೈಮೇಲೆ ಹಾಕಿಕೊಂಡವಳು ನೀಲಾಂಬಿಕಾ ಅಂಗಡಿ. ತಂಡದವರಿಗೆ ಅವಳು ನೀಲಾ. ತೆಳ್ಳನೆಯ ಹುಡುಗಿ, ಮಾತು ಕಡಿಮೆ, ಕಾಲು ಮಾತ್ರ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವಳ ಭುಜಕ್ಕೆ ನಾನು ಹೇಳಿ ಮಾಡಿಸಿದ ಹಾಗೆ ಕೂತೆ. ಹೇಳಿ ಮಾಡಿಸಿದ್ದೇ ಆಗಿತ್ತಲ್ಲ.

ಖೋ ಖೋ ಆಟ ನೋಡಿದವರಿಗೆ ಗೊತ್ತು. ಎರಡು ಕಂಬಗಳ ನಡುವೆ ಹುಡುಗಿಯರು ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಬ್ಬಳು ಈ ಕಡೆ ಮುಖ ಮಾಡಿದರೆ ಮುಂದಿನವಳು ಆ ಕಡೆ. ಎದುರು ತಂಡದವರನ್ನು ಬೆನ್ನಟ್ಟುತ್ತಿರುವವಳು ಹಿಂದಿನಿಂದ ಬಂದು, ಕೂತವಳ ಬೆನ್ನಿಗೆ ಅಂಗೈ ತಟ್ಟಿ 'ಖೋ' ಎನ್ನಬೇಕು. ಆಗ ಅವಳು ಎದ್ದು ಓಡಬೇಕು. ಬೆನ್ನಿಗೆ ಕೈ ಬೀಳದೆ ಏಳುವಂತಿಲ್ಲ. ಎಷ್ಟು ಶಕ್ತಿಯಿದ್ದರೂ, ಎದುರಾಳಿ ಕಣ್ಣೆದುರಿಗೇ ನುಸುಳಿ ಹೋಗುತ್ತಿದ್ದರೂ ಕೂತಿರಬೇಕು. ಹಾಗೆ ಎಷ್ಟು ಅಂಗೈಗಳು ನನ್ನ ಏಳರ ಮೇಲೆ ಬಿದ್ದಿವೆಯೋ! ಒಂದೊಂದು ಏಟಿಗೂ ನೀಲಾ ಬಾಣದ ಹಾಗೆ ಚಿಮ್ಮುತ್ತಿದ್ದಳು. ಓಡಿ ಹೋಗಿ ಒಂದೇ ಕೈಯಿಂದ ಕಂಬ ಹಿಡಿದು, ಮೈಯನ್ನೆಲ್ಲ ಹೊರಗೆ ಚೆಲ್ಲಿ ತಿರುಗುತ್ತಿದ್ದಳು. ಆಗ ನನ್ನೊಳಗೆ ಗಾಳಿ ತುಂಬಿ ನಾನೂ ಒಂದು ಗಳಿಗೆ ಹಕ್ಕಿಯಾಗುತ್ತಿದ್ದೆ.

ದಾವಣಗೆರೆಯಲ್ಲಿ ನಡೆದ ರಾಜ್ಯಮಟ್ಟದ ಕೊನೆಯ ಪಂದ್ಯವನ್ನು ನಾವು ಗೆದ್ದೆವು. ಗೆದ್ದ ಮೇಲೆ ಹುಡುಗಿಯರು ನಕ್ಕಿದ್ದಕ್ಕಿಂತ ಅತ್ತಿದ್ದೇ ಹೆಚ್ಚು. ತಂಡ ಅಲ್ಲಿಗೆ ಮುಗಿದಿತ್ತು. ಒಬ್ಬಳಿಗೆ ಲಗ್ನ ಗೊತ್ತಾಗಿತ್ತು, ಒಬ್ಬಳು ನರ್ಸಿಂಗ್ ಓದಲು ಹೊರಟಿದ್ದಳು. ದೊಡ್ಡ ಸವಿತಾ ಅಂಕ ಬರೆಯುವವರ ಮೇಜಿನಿಂದ ದಪ್ಪ ಕರಿ ಪೆನ್ನು ಎತ್ತಿಕೊಂಡು ಬಂದಳು.

"ಎಲ್ಲಾರೂ ನೀಲಾನ ಅಂಗಿ ಮ್ಯಾಲೆ ಸಹಿ ಹಾಕ್ರಿ. ಕೊನೀಗೆ ಕಂಬ ತಿರುಗಿ ಔಟ್ ಮಾಡಿದಾಕಿ ಆಕೀನ."

"ಅಂಗಿ ಬಿಚ್ಚಿ ಕೊಡ್ತೀನಿ ತಡೀರಿ."

"ಬಿಚ್ಚಾಕ ಟೈಮ್ ಇಲ್ಲ, ಬಸ್ ಬಂದೈತಿ. ಅಲುಗಾಡದಂಗ ನಿಂದ್ರು!"

ಅವಳು ನಿಂತಳು. ಆದರೆ ಏದುಸಿರು ನಿಲ್ಲುತ್ತದೆಯೇ? ಅವಳ ಎದೆ ಏರಿಳಿಯುತ್ತಿತ್ತು. ಪೆನ್ನಿನ ಮೊನೆ ತಾಗಿ ಕಚಗುಳಿಯಾಗಿ ನಗುತ್ತಿದ್ದಳು. ಹಾಗಾಗಿ ನನ್ನ ಎದೆಯ ಮೇಲೆ ಬಿದ್ದ ಸಹಿಗಳೆಲ್ಲ ಸೊಟ್ಟ. ಒಂದು ಮೇಲಕ್ಕೆ ಹತ್ತಿದೆ, ಒಂದು ಕೆಳಕ್ಕೆ ಜಾರಿದೆ. ಮೂವರು ಸವಿತಾಗಳ ಸಹಿಗಳು ಒಂದರ ಮೇಲೊಂದು ಹತ್ತಿ ಕೂತಿವೆ. ಉಸಿರಾಡುವ ಮೈಮೇಲೆ ಬರೆದ ಬರಹ ಹಾಗೇ ಇರುತ್ತದೆ.

ಅಂದಿನಿಂದ ನೀಲಾ ನನ್ನನ್ನು ನೀರಿಗೆ ಹಾಕಲಿಲ್ಲ. ಶಾಯಿ ಹೋದೀತೆಂದು ಬೆವರಿನ ಸಮೇತ ನೆರಳಲ್ಲಿ ಒಣಗಿಸಿ, ಮಡಚಿ, ಟ್ರಂಕಿನ ತಳದಲ್ಲಿ ಇಟ್ಟಳು.

ಆಮೇಲೆ ಬಹಳ ದಿನ ಕತ್ತಲೆ. ಟ್ರಂಕಿನ ಮುಚ್ಚಳದ ಮೇಲಿನಿಂದ ಮಾತುಗಳು ಮಾತ್ರ ಕೇಳಿಸುತ್ತಿದ್ದವು. ಗುಳೇದಗುಡ್ಡದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಸಂಗಮೇಶ, ಹಿಟ್ಟಿನ ಗಿರಣಿ ನಡೆಸುವವನು. ಅವರ ಅಡ್ಡಹೆಸರೂ ಅಂಗಡಿ. ಹಿರಿಯರು ಮೊದಲು ಹಿಂಜರಿದರು. ಬೆಡಗು ಕೇಳಿದರು. ಬೆಡಗು, ಅಂದರೆ ಮನೆತನದ ಮೂಲ, ಬೇರೆ ಬೇರೆ ಎಂದು ತಿಳಿದ ಮೇಲೆ ಎಲ್ಲರ ದನಿ ಅರಳಿತು.

"ಅಡ್ಡಹೆಸರು ಒಂದ, ಬೆಡಗು ಬ್ಯಾರೆ. ಹುಡುಗಿ ಹೆಸರು ಬದಲಿ ಮಾಡೂ ತ್ರಾಸೂ ಉಳೀತು," ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನೀಲಾಳೂ ನಕ್ಕಿರಬೇಕು.

ಮದುವೆಯಾಯಿತು. ನಾನು ಟ್ರಂಕಿನ ಜೊತೆ ಗುಳೇದಗುಡ್ಡಕ್ಕೆ ಬಂದೆ. ಆಟ ಬೇಡ ಎಂದು ಆ ಮನೆಯಲ್ಲಿ ಅವಳಿಗೆ ಹೇಳಿದವರು ಯಾರೂ ಇಲ್ಲ. ಆಡು ಎಂದವರೂ ಇಲ್ಲ. ಅತ್ತೆ ತೀರಿಹೋಗಿ ವರ್ಷಗಳಾಗಿದ್ದವು. ಒಲೆ ಅವಳ ಕೈಗೆ ಬಂತು, ಕೊಡ ಬಂತು, ಗಿರಣಿಯ ಹಿಟ್ಟಿನ ಧೂಳು ಒರೆಸುವ ಕೆಲಸ ಬಂತು. ಬೆನ್ನಿಗೆ ಅಂಗೈ ತಟ್ಟುವವರು ಇಲ್ಲದಿದ್ದರೆ ಕೂತವಳು ಕೂತೇ ಇರಬೇಕಾಗುತ್ತದೆ.

ಒಂದು ದಿನ ಮಾವ ಗುರುಪಾದಪ್ಪನಿಗೆ ಚಳಿಯಾಯಿತೆಂದು ಅವಳು ಟ್ರಂಕಿನಿಂದ ಕೌದಿ ತೆಗೆದಳು. ಕೌದಿಯ ಜೊತೆ ನಾನೂ ಎದ್ದು ಬಂದು ನೆಲಕ್ಕೆ ಬಿದ್ದೆ, ಬೆನ್ನು ಮೇಲಾಗಿ.

ಗುರುಪಾದಪ್ಪನ ಎಡಗಾಲು ಕುಂಟು. ಚಿಕ್ಕಂದಿನಲ್ಲಿ ಬಂಡಿಯಿಂದ ಬಿದ್ದು ಮುರಿದದ್ದು ನೆಟ್ಟಗೆ ಕೂಡಲಿಲ್ಲ. ಊರ ಹುಡುಗರು ಆಡುವಾಗ ಅವನು ಕಟ್ಟೆಯ ಮೇಲೆ ಕೂತು ಅವರ ಅಂಗಿಗಳನ್ನು ಕಾಯುತ್ತಿದ್ದನಂತೆ. ಅವನು ಬಗ್ಗಿ ನನ್ನನ್ನು ಎತ್ತಿಕೊಂಡ. ಬೆನ್ನ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿದ.

"ಅಂಗಡಿ. ನಮ್ಮ ಮನಿ ಹೆಸರು! ಯಾರದವ್ವಾ ಇದು?"

"ನಂದ್ರಿ ಮಾವಾರ. ದಾವಣಗೆರಿಯೊಳಗ ಗೆದ್ದಾಗಿಂದು."

"ಇಂಥಾದ್ದನ್ನ ಟ್ರಂಕಿನಾಗ ಇಡತಾರೇನವ್ವಾ? ಗ್ವಾಡಿ ಮ್ಯಾಲೆ ಇರಬೇಕು ಇದು!"

ನೀಲಾಳ ಕಣ್ಣುಗಳು ಹೊಳೆದವು. ಅವಳ ಕೈಯಿಂದ ಜಾರುತ್ತಿದ್ದ ಕೌದಿಯನ್ನೂ ಅವಳು ನೋಡಲಿಲ್ಲ. ನನಗೂ ಅಷ್ಟೇ ಸಂತೋಷ. ಅವನು ಅಂದೇ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು, ಕುಂಟುತ್ತ, ಪೇಟೆಯಲ್ಲಿ ಫೋಟೋಗೆ ಕಟ್ಟು ಹಾಕುವ ಮಾನಪ್ಪನ ಹತ್ತಿರ ಹೋದ.

ಮಾನಪ್ಪ ಅಲ್ಲಿಯ ತನಕ ಎರಡೇ ಬಗೆಯ ಪಟಗಳಿಗೆ ಕಟ್ಟು ಹಾಕಿದವನು. ದೇವರದು, ಇಲ್ಲವೇ ತೀರಿಕೊಂಡವರದು. ನನ್ನನ್ನು ಪ್ಲೈವುಡ್ ಹಲಗೆಯ ಮೇಲೆ ಹಾಸಿ, ಆ ಕಡೆ ಈ ಕಡೆ ಮಗುಚಿ ನೋಡಿದ.

"ಯಾವ ಮಗ್ಗಲ ಮುಂದ ಮಾಡ್ಲಿ ಗುರುಪಾದಪ್ಪನವರ? ಈ ಕಡೆ ಹೆಸರು, ನಂಬರು ಐತಿ. ಈ ಕಡೆ ಏನೋ ಗೀಚ್ಯಾರ."

ಆ ಗೀಚಿದ್ದೇ ನನ್ನ ಜೀವ ಎಂದು ಕೂಗಬೇಕೆನಿಸಿತು. ಆದರೆ ಬಟ್ಟೆಗೆ ಬಾಯಿ ಎಲ್ಲಿಂದ ಬರಬೇಕು?

"ಹೆಸರಿನ ಮಗ್ಗಲ ಮುಂದ ಇರ್ಲಿ," ಎಂದ ಗುರುಪಾದಪ್ಪ. "ಮನಿ ಹೆಸರು ಬಂದವರಿಗೆ ಕಾಣಬೇಕು."

ಮಾನಪ್ಪ ನನ್ನ ಎದೆಯನ್ನು ಹಲಗೆಗೆ ಒತ್ತಿ ಸಣ್ಣ ಸಣ್ಣ ಮೊಳೆ ಹೊಡೆದ. ತೋಳುಗಳನ್ನು ದಾರದಿಂದ ಬಿಗಿದ. ಗುರುಪಾದಪ್ಪ ಹೇಳಿದಂತೆ ಕೆಳಗೆ 'ರಾಜ್ಯಮಟ್ಟದ ಖೋ ಖೋ ವಿಜೇತರು, ದಾವಣಗೆರೆ' ಎಂದು ಚೀಟಿ ಅಂಟಿಸಿ, ಮೇಲೆ ಗಾಜು ಕೂರಿಸಿದ. ರೂಢಿಯ ಪ್ರಕಾರ ಮೇಲಿನ ಎರಡೂ ಮೂಲೆಗೆ ಹಾರ ಹಾಕುವ ಕೊಕ್ಕೆಗಳನ್ನೂ ಬಡಿದ. ಮೂವರು ಸವಿತಾಗಳು, ಉಳಿದ ಗೆಳತಿಯರು, ದಾವಣಗೆರೆಯ ಆ ಸಂಜೆ ಎಲ್ಲವೂ ಕತ್ತಲೆಯಲ್ಲಿ ಹಲಗೆಗೆ ಮುಖ ಮಾಡಿ ನಿಂತವು. ಅಂದಿನಿಂದ ನಾನು ಲೋಕವನ್ನು ನೋಡಿದ್ದು ಬೆನ್ನಿನಿಂದ.

ಪಡಸಾಲೆಯ ಗೋಡೆಗೆ ನನ್ನನ್ನು ತೂಗುಹಾಕಿದಾಗ ನೀಲಾ ಸೆರಗಿನ ತುದಿಯಿಂದ ಗಾಜು ಒರೆಸಿದಳು. "ಸಹಿ ಈ ಕಡೆ..." ಎಂದು ಏನೋ ಹೇಳಹೋದಳು. ಮಾವನ ಮುಖದಲ್ಲಿ ಅಷ್ಟು ಹಿಗ್ಗಿತ್ತು. "ಭಾಳ ಚೊಲೋ ಆಗೇತ್ರಿ ಮಾವಾರ," ಎಂದು ಒಳಗೆ ಹೋದಳು.

ಮರುದಿನ ಪಕ್ಕದ ಗಿರಣಿಗೆ ಜೋಳ ಬೀಸಿಸಲು ಬಂದ ಚನ್ನಬಸಪ್ಪ, ಗುರುಪಾದಪ್ಪನ ಓರಗೆಯವನು, ಪಡಸಾಲೆಗೆ ಬಂದು ನನ್ನೆದುರು ನಿಂತುಬಿಟ್ಟ.

"ಏನಲೇ ಗುರುಪಾದ, ನಿನ್ನ ಮಗ ಇಷ್ಟು ದೊಡ್ಡ ಆಟಗಾರ ಅಂತ ನಮಗ ಹೇಳೇ ಇಲ್ಲಲಾ!"

ಗುರುಪಾದಪ್ಪ ಬಾಯಿ ತೆರೆದ. ನಿಜ ಹೇಳಲೆಂದೇ ತೆರೆದ, ಅದನ್ನು ನಾನು ಕಂಡೆ. ಆದರೆ ಚನ್ನಬಸಪ್ಪ ಕಾಯಲಿಲ್ಲ. ಗೆಳೆಯನ ಹೆಗಲ ಮೇಲೆ ಕೈ ಹಾಕಿ ಹೇಳಿದ: "ಕುಂಟನ ಮಗ ಓಡಿ ಗೆದ್ದಾನಂದ್ರ ಸಣ್ಣ ಮಾತಲ್ಲೋ ಮಾರಾಯಾ. ನಿನ್ನ ಕಾಲು ಮಾಡದ್ದನ್ನ ನಿನ್ನ ಮಗ ಮಾಡಿದ."

ಗುರುಪಾದಪ್ಪನ ತೆರೆದ ಬಾಯಿ ಹಾಗೇ ಮುಚ್ಚಿತು. ಕಣ್ಣಲ್ಲಿ ನೀರು ಬಂತು. ಚಹಾ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದ ನೀಲಾ ಎಲ್ಲವನ್ನೂ ಕೇಳಿದಳು. ಮಾವನ ಮುಖ ನೋಡಿದಳು. ಕಪ್ಪುಗಳನ್ನು ಸದ್ದಾಗದಂತೆ ಕೆಳಗಿಟ್ಟು, ಬಂದ ಹಾಗೇ ತಿರುಗಿ ಹೋದಳು.

ಅಷ್ಟೇ ನಡೆದದ್ದು. ಯಾರೂ ಸುಳ್ಳು ಹೇಳಲಿಲ್ಲ. ಒಬ್ಬ ಮುದುಕ ಒಂದು ಮಾತು ಹೇಳದೆ ಉಳಿದ. ಆ ಹೇಳದ ಮಾತು ಓಣಿಯಿಂದ ಓಣಿಗೆ ನಡೆದು, ಪೇಟೆಗೆ ಹೋಗಿ, ಮಠದ ಕಟ್ಟೆಯ ಮೇಲೆ ಕೂತು, ನಿಜವಾಗಿಬಿಟ್ಟಿತು. ಸಂಗಮೇಶ ಒಳ್ಳೆಯವನು. ಯಾರಾದರೂ ಹೊಗಳಿದರೆ ಕಿವಿ ಕೆಂಪಾಗಿ, "ಹಂಗೇನಿಲ್ರಿ ಕಾಕಾ, ನಾ ಎಲ್ಲಿ ಆಡೇನಿ," ಎನ್ನುತ್ತಿದ್ದ. "ನೋಡ್ರಿ, ಎಷ್ಟು ಸಣ್ಣಾಗಿ ನಡಕೊಂತಾನ," ಎಂದು ಜನ ಇನ್ನಷ್ಟು ಹೊಗಳುತ್ತಿದ್ದರು.

ಒಮ್ಮೆ ಅವನು ಊಟ ಮಾಡುತ್ತ ಹೆಂಡತಿಗೆ ಹೇಳಿದ, "ನೀಲಾ, ಇವತ್ತ ಹೇಳಿಬಿಡ್ತೀನಿ ಎಲ್ಲಾರಿಗೂ. ನನಗ ತಲಿ ಎತ್ತಾಕ ಆಗವಲ್ದು."

"ಹೇಳ್ರಿ. ಖರೇನ ಹೇಳ್ರಿ. ಆದ್ರ ಅದಕ್ಕಿಂತ ಮೊದ್ಲು ಮಾವಾರ ಮುಖ ಒಮ್ಮೆ ನೋಡಿ ಹೋಗ್ರಿ."

ಅವನು ಪಡಸಾಲೆಗೆ ಬಂದ. ಅವನ ಅಪ್ಪ ನನ್ನ ಕೆಳಗೆ ಕುರ್ಚಿ ಹಾಕಿಕೊಂಡು, ಕುಂಟು ಕಾಲನ್ನು ಚಾಚಿ, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತ ಕೂತಿದ್ದ. ಸಂಗಮೇಶ ನೋಡಿದ. ಚಪ್ಪಲಿ ಮೆಟ್ಟಿ ಸುಮ್ಮನೆ ಗಿರಣಿಗೆ ಹೋದ.

ಕೊಕ್ಕೆಗಳಿದ್ದವಲ್ಲ, ಅವು ಖಾಲಿ ಇರಲಿಲ್ಲ. ಸೋಮವಾರ ಗುರುಪಾದಪ್ಪ ಅವಕ್ಕೆ ಹೂವು ಸಿಕ್ಕಿಸುತ್ತಿದ್ದ. ಆಯುಧಪೂಜೆಯ ದಿನ ಗಿರಣಿಯ ಬೆಲ್ಟಿಗೆ, ತಕ್ಕಡಿಗೆ, ನನಗೆ ಕುಂಕುಮ ಬೀಳುತ್ತಿತ್ತು. ಗೊತ್ತಿಲ್ಲದವರು ಒಳಗೆ ಬಂದರೆ ಕೈಮುಗಿಯುತ್ತಿದ್ದರು. ದಿನಾ ಬೆಳಿಗ್ಗೆ ಗಾಜಿನ ಮೇಲಿನ ಹಿಟ್ಟಿನ ಧೂಳು ಒರೆಸುವವಳು ಮಾತ್ರ ನೀಲಾ. ಅವಳ ಕೈ ಏಳರ ಮೇಲೆ ಬಂದಾಗ ಒಂದು ಚೂರು ತಡೆಯುತ್ತಿತ್ತು. ನಡುವೆ ಗಾಜಿತ್ತು. ನಾನು ನಿನ್ನವಳೇ ಎಂದು ಹೇಳಲು ನನಗೂ ಆಗಲಿಲ್ಲ. ನೀನು ನನ್ನವಳೇ ಎಂದು ಹೇಳಲು ಅವಳಿಗೂ ಆಗಲಿಲ್ಲ.

ಆ ಮನೆಯಲ್ಲಿ ಸಿಂಚನಾ ಹುಟ್ಟಿದಳು. ತೊಟ್ಟಿಲಲ್ಲಿ ಮಲಗಿ ನನ್ನ ಹಳದಿಯನ್ನು ನೋಡಿ ಕೈಕಾಲು ಬಡಿಯುತ್ತಿದ್ದವಳು ನೋಡನೋಡುತ್ತ ನಡೆದಳು, ಓಡಿದಳು, ಶಾಲೆಗೆ ಹೋದಳು. ಅಜ್ಜ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನೋಡು, ಇದು ನಮ್ಮ ಮನಿ ಅಂಗಿ," ಎನ್ನುತ್ತಿದ್ದ. ಯಾರ ಅಂಗಿ ಎಂದು ಅವನು ಹೇಳುತ್ತಿರಲಿಲ್ಲ. ಅದನ್ನು ಹೊರಗಿನವರು ಹೇಳಿಕೊಟ್ಟರು. ಅವಳು ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಳು: ನಮ್ಮ ಅಪ್ಪ ರಾಜ್ಯಮಟ್ಟದ ಆಟಗಾರ.

ಐದನೆಯ ತರಗತಿಗೆ ಬಂದಾಗ ಅವಳು ಖೋ ಖೋ ತಂಡಕ್ಕೆ ಆರಿಸಿ ಬಂದಳು. ಅಂದು ಚೀಲ ಎಸೆದು ನೇರವಾಗಿ ಅಪ್ಪನ ಹತ್ತಿರ ಹೋದಳು.

"ಅಪ್ಪಾ, ಕಂಬ ತಿರುಗೂದು ಹೆಂಗ? ನಾ ಪ್ರತಿಸಲ ದೂರ ಹೋಗಿ ಬೀಳ್ತೀನಿ. ನೀ ಕಲಿಸಿಕೊಡು."

ಸಂಗಮೇಶನ ಮುಖ ಹಿಟ್ಟಿನ ಹಾಗೆ ಬಿಳಿಚಿತು. "ನಾಳೆ ನೋಡೂಣು ಪುಟ್ಟಾ. ಗಿರಣ್ಯಾಗ ಮಂದಿ ಭಾಳ ಐತಿ."

ನಾಳೆ ಬೆಲ್ಟು ಹರಿದಿತ್ತು. ಮರುನಾಳೆ ಅವನ ನಡು ಹಿಡಿದಿತ್ತು. ಹುಡುಗಿ ಒಬ್ಬಳೇ ಅಂಗಳದಲ್ಲಿ ಕೂತು ಎದ್ದು ಅಭ್ಯಾಸ ಮಾಡುತ್ತಿದ್ದಳು. ಬಾಗಿಲಿನಿಂದ ಅವಳು ನನಗೆ ಕಾಣುತ್ತಿದ್ದಳು. ತಪ್ಪಾಗಿ ಕೂರುತ್ತಿದ್ದಳು, ಅಂಗಾಲು ಪೂರ್ತಿ ನೆಲಕ್ಕೆ ಊರಿ. ಹಾಗೆ ಕೂತರೆ ಏಳುವುದು ತಡ. ನನ್ನ ದಾರಗಳೆಲ್ಲ ಚಡಪಡಿಸಿದವು.

ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ನೀಲಾ ತಲೆ ಎತ್ತದೆ ಹೇಳಿದಳು, "ಹಿಮ್ಮಡ ಎತ್ತು. ಭಾರ ಬೆರಳ ಮ್ಯಾಲೆ ಇರ್ಲಿ. ಒಂದು ಮೊಣಕಾಲು ಮುಂದ."

ಸಿಂಚನಾ ಹಾಗೇ ಕೂತಳು. ಎದ್ದಳು. ಗರಿ ಬಂದ ಹಾಗೆ ಎದ್ದಳು.

"ನಿನಗ ಹೆಂಗ ಗೊತ್ತವ್ವಾ?"

ಮೆಣಸಿನಕಾಯಿ ಹರಡುತ್ತಿದ್ದ ಕೈ ನಿಂತಿತು. "ಟಿ.ವಿ. ಒಳಗ ನೋಡಿದ್ದೆ," ಎಂದಳು ನೀಲಾ.

ಆಮೇಲೊಂದು ಬೆಳಿಗ್ಗೆ, ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದವಳ ಕಿವಿಗೆ ಒಲೆಯ ಮೇಲಿನ ಹಾಲು ಉಕ್ಕುವ ಸದ್ದು ಬಿತ್ತು. ಮೊರವನ್ನು ಬಿಟ್ಟು ಎದ್ದಳು. ಪಡಸಾಲೆಗೂ ಅಡುಗೆಮನೆಗೂ ನಡುವೆ ಒಂದು ಕಲ್ಲಿನ ಕಂಬ. ಎಡಗೈಯಿಂದ ಅದನ್ನು ಹಿಡಿದು, ಮೈಯನ್ನು ಹೊರಗೆ ಚೆಲ್ಲಿ, ಕಾಲು ಜಾರದಂತೆ ಗಿರ್ರನೆ ತಿರುಗಿ ಒಳಗೆ ಹೋದಳು. ಸೆರಗು ಗಾಳಿಯಲ್ಲಿ ಒಂದು ವೃತ್ತ ಬರೆಯಿತು. ಹಾಲು ಉಕ್ಕಲಿಲ್ಲ.

ಚಾಪೆಯ ಮೇಲೆ ಕೂತು ಲೆಕ್ಕ ಮಾಡುತ್ತಿದ್ದ ಸಿಂಚನಾ ಪೆನ್ಸಿಲು ಹಿಡಿದು ಹಾಗೇ ಕೂತಳು. ಅವಳು ಕಂಬವನ್ನು ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಅವಳ ಬಾಯಿಯವರೆಗೆ ಏನೋ ಬಂದದ್ದು ನನಗೆ ಗೊತ್ತಾಯಿತು. ಕೇಳು ಮಗಳೇ, ಕೇಳು ಎಂದೆ. ಗಾಜಿನೊಳಗಿನ ನನ್ನ ಮಾತು ಯಾರಿಗೆ ಕೇಳುತ್ತದೆ? ಅಷ್ಟರಲ್ಲಿ ಅಜ್ಜ ಕೆಮ್ಮುತ್ತ ಬಂದು ತನ್ನ ಕುರ್ಚಿಯಲ್ಲಿ ಕೂತ. ಅವಳು ಬಾಯಿ ಮುಚ್ಚಿ ಲೆಕ್ಕಕ್ಕೆ ಬಗ್ಗಿದಳು. ಆ ಮನೆಯಲ್ಲಿ ಮಾತು ನುಂಗುವುದನ್ನು ಅವಳೂ ಕಲಿಯುತ್ತಿದ್ದಾಳಲ್ಲ ಎಂದು ನನಗೆ ಭಯವಾಯಿತು.

ಈಗ ನನಗೆ ವಯಸ್ಸಾಗಿದೆ. ಹಳದಿ ಮಾಸಿ ಬೇಯಿಸಿದ ಬೇಳೆಯ ಬಣ್ಣ ಬಂದಿದೆ. ಏಳರ ರಬ್ಬರು ಬಿರುಕು ಬಿಟ್ಟಿದೆ. ಇನ್ನು ಹೀಗೇ, ಹೂವು ಕುಂಕುಮ ಪಡೆಯುತ್ತ, ಯಾರದೋ ಹೆಸರಲ್ಲಿ ಮುಗಿದುಹೋಗುತ್ತೇನೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಒಂದು ರವಿವಾರ ಸಿಂಚನಾಳ ಶಾಲೆಯ ಪಿ.ಟಿ. ಮೇಷ್ಟ್ರು ಬೇವೂರ ಸರ್ ಮನೆಗೆ ಬಂದರು.

"ಸಂಗಮೇಶಣ್ಣಾರ, ಈ ಸಲ ನಮ್ಮ ಸಾಲಿ ಕ್ರೀಡಾಕೂಟಕ್ಕ ನೀವ ಮುಖ್ಯ ಅತಿಥಿ. ಇಲ್ಲ ಅನಬ್ಯಾಡ್ರಿ."

"ನನ್ನ ಬಿಡ್ರಿ ಸರ್. ನಾ ಹಿಟ್ಟು ಬೀಸಾಂವ."

"ದೊಡ್ಡವ್ರು ಹಿಂಗ ಅಂತಾರ, ಗೊತ್ತೈತಿ ನಮಗ." ಸರ್ ನಕ್ಕರು. "ಇನ್ನೊಂದು ಮಾತು. ಈ ಜರ್ಸಿ ಹಾಕ್ಕೊಂಡ ಬರಬೇಕು ನೀವು. ಹುಡುಗರ ಮುಂದ ಒಮ್ಮೆ ಕಂಬ ತಿರುಗಿ ತೋರಸ್ರಿ ಸಾಕು."

ಸಂಗಮೇಶ ಅಪ್ಪನ ಕಡೆ ನೋಡಿದ. ಗುರುಪಾದಪ್ಪ ನೆಲ ನೋಡಿದ. ಬಾಗಿಲಲ್ಲಿ ಚಹಾ ಹಿಡಿದು ನಿಂತ ನೀಲಾ ಕಪ್ಪುಗಳನ್ನು ನೋಡಿದಳು. ಸರ್ ಕಾಯುತ್ತಿದ್ದರು.

"ಆತ್ರಿ, ಬರ್ತಾನ," ಎಂದುಬಿಟ್ಟ ಗುರುಪಾದಪ್ಪ. ಅವನ ದನಿ ಅವನದೇ ಅಲ್ಲದ ಹಾಗಿತ್ತು.

"ಹಂಗಾರ ಈಗ ಒಮ್ಮೆ ಹಾಕಿ ನೋಡ್ರಿ. ಬಿಗಿ ಆದ್ರ ನಮ್ಮ ದರ್ಜಿ ಕಡೆ ಬಿಡಿಸೂಣು," ಎಂದು ಸರ್ ತಾವೇ ಎದ್ದು ನನ್ನನ್ನು ಗೋಡೆಯಿಂದ ಇಳಿಸಿದರು. ಸಂಗಮೇಶ ಹಿಂದಿನ ಹಲಗೆ ಬಿಚ್ಚಿದ. ದಾರ ಕತ್ತರಿಸಿದ. ಸಣ್ಣ ಮೊಳೆಗಳು ಕಿತ್ತು ಬಂದು ನೆಲದ ತುಂಬ ಚೆಲ್ಲಿದವು.

ಎಷ್ಟೋ ವರ್ಷಗಳ ಮೇಲೆ ನನ್ನ ಎದೆಗೆ ಗಾಳಿ ತಾಗಿತು.

ಸಂಗಮೇಶ ನನ್ನೊಳಗೆ ತಲೆ ತೂರಿಸಿದ. ತೋಳು ಮೊಣಕೈವರೆಗೆ ಬಂದು ನಿಂತಿತು. ಭುಜ ಒಳಗೆ ಹೋಗಲೊಲ್ಲದು. ನನ್ನ ಹೊಲಿಗೆ ಚಿರ್ ಎಂದಿತು.

"ಗಿರಣಿ ಹಿಟ್ಟೆಲ್ಲಾ ನೀವ ಉಂಡೀರಿ ಕಾಣಸ್ತೈತಿ!" ಸರ್ ಹೊಟ್ಟೆ ಹಿಡಿದು ನಕ್ಕರು. ಸಂಗಮೇಶ ನನ್ನನ್ನು ಬಿಡಿಸಿ ಕುರ್ಚಿಯ ಮೇಲೆ ಇಟ್ಟ. ಅವನ ಹಣೆಯಲ್ಲಿ ಬೆವರಿತ್ತು. ನಾನು ಈ ಸಲ ಎದೆ ಮೇಲಾಗಿ ಬಿದ್ದಿದ್ದೆ.

ಸಿಂಚನಾ ಹತ್ತಿರ ಬಂದಳು. ಸೊಟ್ಟ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದಳು. "ಸವಿತಾ... ಸವಿತಾ... ಪಾರ್ವತಿ... ಇನ್ನೊಬ್ಬಾಕಿ ಸವಿತಾ... ಶಿವಲೀಲಾ..." ತಲೆ ಎತ್ತಿದಳು. "ಅಜ್ಜಾ, ಎಲ್ಲಾ ಹುಡಿಗ್ಯಾರ ಹೆಸರು ಅದಾವಲ್ಲ?"

ಬೇವೂರ ಸರ್ ಕೂಡ ಬಗ್ಗಿ ನೋಡಿದರು. ಅವರ ನಗು ನಿಧಾನವಾಗಿ ಇಳಿಯಿತು.

ಗುರುಪಾದಪ್ಪ ಕೋಲನ್ನು ಎರಡೂ ಕೈಯಿಂದ ಹಿಡಿದುಕೊಂಡ. ಇಷ್ಟು ವರ್ಷ ಅವನು ಬರೀ ಸುಮ್ಮನಿದ್ದವನು. ಇಂದು ಸುಮ್ಮನಿರಲು ಜಾಗ ಉಳಿದಿರಲಿಲ್ಲ. "ಅವ್ರು... ಆಟ ನೋಡಾಕ ಬಂದವ್ರು, ಪುಟ್ಟಾ," ಎಂದ. "ನಿಮ್ಮಪ್ಪನ ಆಟ ನೋಡಿ... ಖುಷಿಲೆ ಬರದಾರ."

ಅದು ಅವನ ಬಾಯಿಂದ ಬಂದ ಮೊದಲನೆಯ ಸುಳ್ಳು. ಅದನ್ನು ಹೇಳಿದ ಮುದುಕನ ಗದ್ದ ಅದುರುತ್ತಿತ್ತು. ಅವನ ಮೇಲೆ ಸಿಟ್ಟಾಗಲು ನನಗೆ ಆಗಲಿಲ್ಲ. ಇವನು ಅಂಗಿ ಕಾಯುತ್ತ ಕೂತ ಹುಡುಗ. ಒಂದು ಅಂಗಿಯನ್ನು ತನ್ನದೆಂದು ಇಟ್ಟುಕೊಂಡಿದ್ದ, ಅಷ್ಟೇ.

ನೀಲಾ ಮುಂದೆ ಬಂದಳು. ಈಗ ಹೇಳುತ್ತಾಳೆ ಎಂದುಕೊಂಡೆ. ಅವಳು ಹೇಳಲಿಲ್ಲ. ಮಾವನ ಅದುರುವ ಗದ್ದ ನೋಡಿದಳು, ಗಂಡನ ಬೆವರು ನೋಡಿದಳು. "ಮೊಳಿ ಬಿದ್ದಾವ. ಯಾರದರ ಕಾಲಿಗೆ ಚುಚ್ಚಿಗಿಚ್ಚ್ಯಾವು," ಎಂದು ಸೆರಗು ಸಿಕ್ಕಿಸಿಕೊಂಡು ನೆಲದಲ್ಲಿ ಕುಕ್ಕರಿಸಿದಳು. ಒಂದೊಂದೇ ಮೊಳೆ ಆರಿಸಿ ಅಂಗೈಗೆ ಹಾಕಿಕೊಳ್ಳತೊಡಗಿದಳು.

ಅವಳು ಕೂತ ರೀತಿಯನ್ನು ಸಿಂಚನಾ ನೋಡಿದಳು. ಹಿಮ್ಮಡ ಎತ್ತಿತ್ತು. ಭಾರ ಬೆರಳ ಮೇಲಿತ್ತು. ಒಂದು ಮೊಣಕಾಲು ಮುಂದಿತ್ತು.

ಹುಡುಗಿ ಎರಡೂ ಕೈಯಿಂದ ನನ್ನನ್ನು ಎತ್ತಿಕೊಂಡಳು. ಅಜ್ಜನನ್ನು ದಾಟಿ, ಅಪ್ಪನನ್ನು ದಾಟಿ, ಸರ್ ಅವರನ್ನು ದಾಟಿ ಅವ್ವನ ಹಿಂದೆ ಹೋಗಿ ನಿಂತಳು. ನನ್ನನ್ನು ಬಿಡಿಸಿ ಅವಳ ಬೆನ್ನ ಮೇಲೆ ಹೊದಿಸಿದಳು. ಭುಜಕ್ಕೆ ಭುಜ ಕೂಡಿತು. ಒಂದು ನೂಲಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಕೆಳಗೆ ಆ ಮೈ ಉಸಿರು ಹಿಡಿದು ಕೂತದ್ದು ನನಗೆ ತಿಳಿಯಿತು.

ಆಮೇಲೆ ಒಂದು ಪುಟ್ಟ ಅಂಗೈ ನನ್ನ ಬಿರುಕು ಬಿಟ್ಟ ಏಳರ ಮೇಲೆ ಬಿತ್ತು. ಮೆಲ್ಲಗೆ ಅಲ್ಲ. ಆಟದಲ್ಲಿ ಬೀಳುವ ಹಾಗೆ ಬಿತ್ತು.

"ಯವ್ವಾ, ಇದು ನಿಂದೈತಿ ಅಂತ ನೀ ಯಾಕ ಒಮ್ಮೆನೂ ಹೇಳಲಿಲ್ಲ?"